ಬಾವಿ ನೀರಿಗೆ ಪೆಟ್ರೋಲ್ ವಾಸನೆ: ಯಾವ ಟೆಸ್ಟ್ ಮಾಡಿಸಬೇಕು? ನೆಲ ಮತ್ತೆ ಶುದ್ಧ ಆಗುತ್ತಾ?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಜಿಲ್ಲೆಯ ಒಂದು ಪೇಟೆಯ ಅಂಚಿನಲ್ಲಿದೆ. ಅಜ್ಜನ ಕಾಲದ ಮುರಕಲ್ಲಿನ (ತೂತು ತೂತಿನ ಕೆಂಪು ಕಲ್ಲು) ಬಾವಿ. ಮಾರ್ಚ್ ಕೊನೆಯಿಂದ ನೀರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ. ಬೆಳಿಗ್ಗೆ ಮೊದಲ ಕೊಡಪಾನ ಎತ್ತಿದರೆ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಾಣುತ್ತದೆ. ಹೋದ ವರ್ಷ ಏಪ್ರಿಲ್‌ನಲ್ಲೂ ಸ್ವಲ್ಪ ವಾಸನೆ ಇತ್ತು, ಮಳೆ ಹಿಡಿದ ಮೇಲೆ ತಾನಾಗಿ ಹೋಗಿತ್ತು.

ನಮ್ಮ ಮನೆಗಿಂತ ಎತ್ತರದಲ್ಲಿ, ರಸ್ತೆಯ ಆಚೆ ಒಂದು ಪೆಟ್ರೋಲ್ ಬಂಕ್ ಇದೆ. ಕೇಳಿದರೆ "ನಮ್ಮ ಟ್ಯಾಂಕ್ ಸರಿ ಇದೆ" ಅಂತಾರೆ. ಸ್ಥಳೀಯವಾಗಿ ನೀರು ಟೆಸ್ಟ್ ಮಾಡಿಸಿದೆವು. "ಕುಡಿಯಲು ಯೋಗ್ಯ" ಅಂತ ರಿಪೋರ್ಟ್ ಬಂತು! ವಾಸನೆ ಮೂಗಿಗೆ ಹೊಡೆಯುತ್ತಿರುವಾಗ ಯೋಗ್ಯ ಹೇಗೆ ಆಗುತ್ತೆ? ಮನೆಯಲ್ಲಿ ಅಮ್ಮ, ಎರಡು ಮಕ್ಕಳು ಇದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಮೇಲ್ಮನೆ

ಮಾರಾಯ್ರೆ, ಮೊದಲು ಆ ನೀರು ಕುಡಿಯುವುದು ನಿಲ್ಲಿಸಿ. ಕುದಿಸಿದರೆ ಸರಿಯಾಗುತ್ತದಲ್ಲ?

ಅಂತರ್ಜಲ_ಹಾಸನ

ಕುದಿಸಲೇಬೇಡಿ. ಪೆಟ್ರೋಲ್‌ನಲ್ಲಿ ಬೆಂಜೀನ್ ಅಂತ ಒಂದು ಅಂಶ ಇರುತ್ತದೆ. ರಕ್ತದ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿರುವ ವಸ್ತು ಅದು. ಕುದಿಸಿದರೆ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಬಚ್ಚಲಲ್ಲಿ ಬಿಸಿ ನೀರು ಸುರಿದುಕೊಂಡರೂ ಅಷ್ಟೇ. ಆದ್ದರಿಂದ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇರೆ ನೀರು ನೋಡಿಕೊಳ್ಳಿ. ಮನೆಯ ಫಿಲ್ಟರ್ ನಂಬಬೇಡಿ. ಅದರೊಳಗಿನ ಇದ್ದಿಲು ಬೆಂಜೀನನ್ನು ಹಿಡಿಯುತ್ತದೆ, ನಿಜ. ಆದರೆ ಅದು ಯಾವಾಗ ತುಂಬಿತು ಅಂತ ನಿಮಗೆ ಗೊತ್ತಾಗುವುದಿಲ್ಲ.

ಅದಕ್ಕಿಂತ ಮುಖ್ಯ: ಯಾರನ್ನೂ ಬಾವಿಗೆ ಇಳಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ನಿಲ್ಲುತ್ತದೆ. ಉಸಿರುಕಟ್ಟಬಹುದು, ಒಂದು ಕಿಡಿ ಸಾಕು ಹೊತ್ತಿಕೊಳ್ಳಲು. ಬಾವಿ ಹತ್ತಿರ ಬೀಡಿ, ದೀಪ ಬೇಡ. ಮೋಟಾರಿನ ಸ್ವಿಚ್ಚು ಬಾವಿಕಟ್ಟೆಯ ಪಕ್ಕದಲ್ಲೇ ಇದ್ದರೆ ಮುಟ್ಟಬೇಡಿ, ಮೇನ್ ಆಫ್ ಮಾಡಿ. ಬೇಸಿಗೆಯಲ್ಲಿ ಕೆಸರು ತೆಗೆಯುವವರು ಬಂದರೆ ವಾಪಸ್ ಕಳಿಸಿ. ವಾಸನೆ ಜೋರಾದರೆ ಅಗ್ನಿಶಾಮಕದವರಿಗೆ ಫೋನ್ ಮಾಡಿ.

ನಿಮ್ಮ ರಿಪೋರ್ಟ್ ಸುಳ್ಳಿರಲಿಕ್ಕಿಲ್ಲ. ಸಾಮಾನ್ಯ ಕುಡಿಯುವ ನೀರಿನ ಟೆಸ್ಟ್‌ನಲ್ಲಿ ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಬ್ಯಾಕ್ಟೀರಿಯಾ ನೋಡುತ್ತಾರೆ. ಪೆಟ್ರೋಲಿಯಂ ಅಂಶವನ್ನು ಯಾರೂ ಹುಡುಕೇ ಇಲ್ಲ, ಹಾಗಾಗಿ ಸಿಗಲಿಲ್ಲ. ನೀವು ಕೇಳಬೇಕಾದದ್ದು ಬಿಟೆಕ್ಸ್ ಟೆಸ್ಟ್, ಅಂದರೆ ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಝೈಲೀನ್. ಜೊತೆಗೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಅದಕ್ಕೆ ಟಿಪಿಎಚ್ ಅಂತಾರೆ. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ. ಆ ಮಾನ್ಯತೆ ಈ ಟೆಸ್ಟ್‌ಗೇ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಪಿಪೆಟ್

ಲ್ಯಾಬ್‌ನಲ್ಲಿ ಕೆಲಸ ಮಾಡುವವಳು ನಾನು. ಬಿಟೆಕ್ಸ್ ಟೆಸ್ಟ್ ಕೆಡುವುದು ಹೆಚ್ಚಾಗಿ ಬಾವಿಕಟ್ಟೆಯಲ್ಲೇ, ಮೆಷಿನ್‌ನಲ್ಲಲ್ಲ. ಖಾಲಿ ಮಿನರಲ್ ವಾಟರ್ ಬಾಟಲಿಯಲ್ಲಿ ಅರ್ಧ ನೀರು ತುಂಬಿ ತರುತ್ತಾರೆ. ದಾರಿಯಲ್ಲೇ ಬೆಂಜೀನ್ ಮೇಲಿನ ಖಾಲಿ ಜಾಗಕ್ಕೆ ಆವಿಯಾಗಿ ಹೋಗಿರುತ್ತದೆ, ಸ್ವಲ್ಪ ಪ್ಲಾಸ್ಟಿಕ್‌ಗೂ ಹೀರಿಕೊಂಡಿರುತ್ತದೆ. ರಿಪೋರ್ಟ್ "ಪತ್ತೆಯಾಗಿಲ್ಲ" ಅಂತ ಬರುತ್ತದೆ. ಜನ ಅದನ್ನು ನಂಬಿ ನೀರು ಕುಡಿಯುತ್ತಾರೆ. ಇದು ನನಗೆ ತುಂಬಾ ಬೇಜಾರು ತರುವ ವಿಷಯ.

ಸರಿಯಾದ ಕ್ರಮ ಹೀಗೆ. ಲ್ಯಾಬ್‌ನಿಂದಲೇ 40 ಮಿಲಿಲೀಟರ್‌ನ ಗಾಜಿನ ಸಣ್ಣ ಬಾಟಲಿ ತರಿಸಿಕೊಳ್ಳಿ. ಮುಚ್ಚಳದ ಒಳಗೆ ಟೆಫ್ಲಾನ್ ಪದರ ಇರುತ್ತದೆ, ಒಳಗೆ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿರುತ್ತಾರೆ. ಆಮ್ಲ ಚೆಲ್ಲಬೇಡಿ, ಕೈಗೂ ತಾಗಿಸಿಕೊಳ್ಳಬೇಡಿ. ನೀರನ್ನು ನಿಧಾನವಾಗಿ, ಗೋಡೆಗುಂಟ ಇಳಿಯುವಂತೆ ತುಂಬಿ. ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲಬೇಕು. ಆಗ ಮುಚ್ಚಳ ಹಾಕಿ, ತಲೆಕೆಳಗೆ ಮಾಡಿ, ಬೆರಳಿನಿಂದ ತಟ್ಟಿ ನೋಡಿ. ಒಂದು ಗುಳ್ಳೆ ಕಂಡರೂ ಬೇರೆ ಬಾಟಲಿ ತೆಗೆದುಕೊಂಡು ಹೊಸದಾಗಿ ತುಂಬಿ. ಐಸ್ ಡಬ್ಬಿಯಲ್ಲಿ ಇಟ್ಟು ತನ್ನಿ. 4 ಡಿಗ್ರಿಯಲ್ಲಿ ಇಟ್ಟರೆ 14 ದಿನದೊಳಗೆ ಪರೀಕ್ಷೆ ಮಾಡಬಹುದು, ಆದರೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಕೊಡಪಾನದಿಂದ ಬಾಟಲಿಗೆ ಸುರಿಯಬೇಡಿ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದಲೂ ಬೇಡ. ಬೇಲರ್ ಅಂತ ಒಂದು ಪಾರದರ್ಶಕ ಕೊಳವೆ ಸಿಗುತ್ತದೆ, ತಳದಲ್ಲಿ ಗೋಲಿ ಇರುತ್ತದೆ. ಹಗ್ಗದಲ್ಲಿ ಮೆಲ್ಲಗೆ ಇಳಿಸಿ ಎತ್ತಿದರೆ ಮೇಲೆ ತೇಲುವ ಎಣ್ಣೆಯ ಪದರವೂ ಕಣ್ಣಿಗೆ ಕಾಣುತ್ತದೆ.

ಹೊಸಬ_ಶಿವಮೊಗ್ಗ

ಜನರೇಟರ್ ಇಟ್ಟು ಬಾವಿ ಪೂರ್ತಿ ಖಾಲಿ ಮಾಡಿ ತೊಳೆದುಬಿಟ್ಟರೆ ಆಗಲ್ವಾ?

ಅಂತರ್ಜಲ_ಹಾಸನ

ಆಗಲ್ಲ. ಬಾವಿ ಖಾಲಿ ಮಾಡಿದಷ್ಟೂ ಸುತ್ತಲಿನ ನೀರು ಅದರ ಕಡೆಗೇ ಹರಿಯುತ್ತದೆ, ಜೊತೆಗೆ ಪೆಟ್ರೋಲೂ ಬರುತ್ತದೆ. ಎತ್ತಿದ ನೀರನ್ನು ತೋಟಕ್ಕೋ ಚರಂಡಿಗೋ ಬಿಟ್ಟರೆ ಅಲ್ಲಿಯೂ ಮಾಲಿನ್ಯ. ನೆಲದೊಳಗಿನದು ಎಷ್ಟಿದೆ, ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುವ ತನಕ ಮೋಟಾರ್ ಹಾಕಬೇಡಿ.

ತೆಂಗಿನತೋಟ ಅವರೇ, ನೀವು ಬರೆದದ್ದರಲ್ಲಿ ನನ್ನನ್ನು ನಿಲ್ಲಿಸಿದ್ದು ಬಂಕ್‌ಗಿಂತ ಹೆಚ್ಚಾಗಿ ಆ ಒಂದು ಸಾಲು: "ಮಳೆ ಹಿಡಿದ ಮೇಲೆ ತಾನಾಗಿ ಹೋಗಿತ್ತು". ಹೋಗಿರಲಿಲ್ಲ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಮಟ್ಟದ ಮೇಲೆ ತೇಲುತ್ತದೆ. ಕರಾವಳಿಯಲ್ಲಿ ಬಾವಿಯ ನೀರು ಜುಲೈನಲ್ಲಿ ಕಟ್ಟೆಯ ಹತ್ತಿರ ಬರುತ್ತದೆ, ಮೇ ತಿಂಗಳಲ್ಲಿ ತಳ ಸೇರುತ್ತದೆ, ಅಲ್ವಾ? ಮಟ್ಟ ಇಳಿದ ಹಾಗೆ ಪೆಟ್ರೋಲ್ ಕೂಡ ಮುರಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ನೀರು ಏರಿದಾಗ ಅಷ್ಟೂ ಮೇಲೆ ಬರುವುದಿಲ್ಲ. ಎಣ್ಣೆ ಪಾತ್ರೆಗೆ ನೀರು ಹಾಕಿ ಚೆಲ್ಲಿದರೂ ಅಂಚಿಗೆ ಜಿಡ್ಡು ಉಳಿಯುವ ಹಾಗೆ ಕಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡು ನೀರಿನಡಿ ಮುಳುಗಿರುತ್ತದೆ. ಮಳೆಗಾಲದಲ್ಲಿ ನೀರು ಜಾಸ್ತಿ, ವಾಸನೆ ಕಮ್ಮಿ. ಬೇಸಿಗೆಯಲ್ಲಿ ಮತ್ತೆ ಹೊರಬರುತ್ತದೆ. ಪ್ರತಿ ವರ್ಷದ ಏರಿಳಿತದಲ್ಲಿ ಪೆಟ್ರೋಲ್ ಮೆತ್ತಿಕೊಂಡ ಕಲ್ಲಿನ ಪಟ್ಟಿ ಇನ್ನಷ್ಟು ದಪ್ಪ ಆಗುತ್ತದೆ. ಅದಕ್ಕೇ ಸೆಪ್ಟೆಂಬರ್‌ನಲ್ಲಿ ಒಂದು ಸ್ಯಾಂಪಲ್ ತೆಗೆದು "ಶುದ್ಧವಾಗಿದೆ" ಅಂತ ಯಾರಾದರೂ ಬರೆದುಕೊಟ್ಟರೆ ಒಪ್ಪಬೇಡಿ. ಕನಿಷ್ಠ ಮಳೆಗೆ ಮುಂಚೆ ಒಂದು, ಮಳೆ ಮುಗಿದ ಮೇಲೆ ಒಂದು. ಅದೂ ವರ್ಷಗಟ್ಟಲೆ.

ಇನ್ನೊಂದು ವಿಷಯ. ವಾಸನೆ ಇಲ್ಲ ಅಂದರೆ ಬೆಂಜೀನ್ ಇಲ್ಲ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಅಮೆರಿಕದಲ್ಲಿ 5. ನಮ್ಮ ಮೂಗಿಗೆ ಗೊತ್ತಾಗುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದಾಗ. ಆದ್ದರಿಂದ ಕೆಳಗಿನ ಮನೆಯವರ ಬಾವಿಗೂ ಟೆಸ್ಟ್ ಮಾಡಿಸಿ, ವಾಸನೆ ಇರಲಿ ಬಿಡಲಿ.

ಡಿಪ್_ರಾಡ್

ನಾನು ಬಂಕ್ ನಡೆಸುವವನು, ಬೇರೆ ಜಿಲ್ಲೆಯಲ್ಲಿ. ಎಲ್ಲ ಡೀಲರ್‌ಗಳೂ ಮುಚ್ಚಿಡುತ್ತಾರೆ ಅಂದುಕೊಳ್ಳಬೇಡಿ. ಸೋರಿಕೆ ಅಂದರೆ ನಮಗೂ ನಷ್ಟವೇ. ಆದರೆ ದಿನಾ ಡಿಪ್ ರಾಡ್ (ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಅಳೆಯುವ ಕೋಲು) ಹಾಕಿ ಲೆಕ್ಕ ಬರೆದರೂ ಸಣ್ಣ ಸೋರಿಕೆ ಆವಿಯ ಲೆಕ್ಕದಲ್ಲಿ, ಬಿಸಿಲಿಗೆ ಹಿಗ್ಗಿ ಕುಗ್ಗುವ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಟ್ಯಾಂಕ್‌ಗಿಂತ ಹೆಚ್ಚಾಗಿ ಪೈಪಿನ ಜಾಯಿಂಟ್‌ನಲ್ಲಿ, ಪೆಟ್ರೋಲ್ ಹಾಕುವ ಯಂತ್ರದ (ಡಿಸ್ಪೆನ್ಸರ್) ಅಡಿಯಲ್ಲಿ ಸೋರುತ್ತದೆ. ಹಾಗಾಗಿ "ಟ್ಯಾಂಕ್ ಸರಿ ಇದೆ" ಅನ್ನುವುದು ಪೂರ್ತಿ ಉತ್ತರ ಅಲ್ಲ. ಟ್ಯಾಂಕ್ ಮತ್ತು ಪೈಪ್‌ಲೈನ್ ಎರಡಕ್ಕೂ ಪ್ರೆಷರ್ ಟೆಸ್ಟ್ ಮಾಡಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಡೀಲರ್‌ಗೆ ಮಾತ್ರ ಅಲ್ಲ, ಆಯಿಲ್ ಕಂಪನಿಯ ವಿಭಾಗೀಯ ಕಚೇರಿಗೂ ಕಳಿಸಿ. ಹಳೆಯ ಟ್ಯಾಂಕ್‌ಗಳು ಒಂದೇ ಪದರದ ಉಕ್ಕಿನವು, ಈಗ ಎರಡು ಪದರದವು ಬರುತ್ತಿವೆ.

ಅಂತರ್ಜಲ_ಹಾಸನ

ಡಿಪ್_ರಾಡ್ ಅವರೇ, ಧನ್ಯವಾದ. ಇದನ್ನು ಒಬ್ಬ ಡೀಲರ್ ಬಾಯಿಂದ ಕೇಳುವುದು ಬಹಳ ಮುಖ್ಯ.

ತೆಂಗಿನತೋಟ ಅವರೇ, ನಿಮ್ಮ ಕೈಯಲ್ಲೇ ಆಗುವ ಒಂದು ಕೆಲಸ ಇದೆ. ಅಕ್ಕಪಕ್ಕದ ಮೂರು ಬಾವಿ ಆರಿಸಿಕೊಳ್ಳಿ. ಒಂದೇ ಗೆರೆಯಲ್ಲಿ ಇರಬಾರದು, ತ್ರಿಕೋನದ ಹಾಗಿರಲಿ. ಪ್ರತಿ ಬಾವಿಕಟ್ಟೆಯ ಮೇಲೆ ಪೇಂಟ್‌ನಲ್ಲಿ ಒಂದು ಗುರುತು ಹಾಕಿ. ಗಾರೆ ಮೇಸ್ತ್ರಿಯವರು ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ಮಟ್ಟ ನೋಡುತ್ತಾರಲ್ಲ, ಅವರನ್ನು ಕರೆಸಿ ಮೂರೂ ಗುರುತುಗಳ ಎತ್ತರದ ವ್ಯತ್ಯಾಸ ತೆಗೆಸಿ. ದೂರ ಜಾಸ್ತಿ ಇದ್ದರೆ ಮಧ್ಯೆ ಗೂಟ ಹೊಡೆದು ಹಂತಹಂತವಾಗಿ ಮಾಡಲಿ. ಹಿಂದಿನ ರಾತ್ರಿಯಿಂದ ಯಾರೂ ನೀರು ಎತ್ತಬಾರದು. ಬೆಳಿಗ್ಗೆ ಗುರುತಿನಿಂದ ನೀರಿನ ತನಕ ಟೇಪ್ ಹಿಡಿದು ಅಳೆಯಿರಿ. ಗುರುತಿನ ಎತ್ತರದಿಂದ ಆ ಆಳ ಕಳೆದರೆ ನೀರಿನ ಮಟ್ಟ ಸಿಗುತ್ತದೆ. ನೀರು ಎತ್ತರದ ಮಟ್ಟದಿಂದ ತಗ್ಗಿನ ಕಡೆಗೆ ಹರಿಯುತ್ತದೆ. ಮೂರು ಅಂಕಿ ಸಿಕ್ಕರೆ ದಿಕ್ಕು ಸಿಗುತ್ತದೆ. ಮೇಲಿನ ನೆಲದ ಇಳಿಜಾರು ನೋಡಿ ತೀರ್ಮಾನ ಮಾಡಬೇಡಿ. ನಿಮ್ಮಲ್ಲಿ ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು (ನೀರು ಸುಲಭವಾಗಿ ಇಳಿಯದ ಜೇಡಿಯಂಥ ಮಣ್ಣು) ಇರುತ್ತದೆ, ನೀರು ಅದರ ಇಳಿಜಾರು ಹಿಡಿದೂ ಹೋಗಬಹುದು.

ಮಾಲಿನ್ಯದ ಜಾಡು ಹಿಡಿಯಲು ಕಂಪನಿಯವರು ವೀಕ್ಷಣಾ ಬಾವಿ ಕೊರೆಸಿದರೆ ಒಂದು ವಿಷಯ ಗಮನಿಸಿ. ತೂತು ಇರುವ ಪೈಪ್‌ನ ಭಾಗ ಬೇಸಿಗೆಯ ಮಟ್ಟದಿಂದ ಮಳೆಗಾಲದ ಮಟ್ಟದ ತನಕ ಇರಬೇಕು. ಆಳದಲ್ಲಿ ಮಾತ್ರ ತೂತು ಇದ್ದರೆ ಮೇಲೆ ತೇಲುವ ಪೆಟ್ರೋಲ್ ಒಳಗೇ ಬರುವುದಿಲ್ಲ, ವರ್ಷವಿಡೀ "ಪತ್ತೆಯಾಗಿಲ್ಲ" ಅಂತ ರಿಪೋರ್ಟ್ ಬರುತ್ತದೆ.

ಗ್ರಾನೈಟ್_ಬೆಂಗಳೂರು

ಬೆಂಗಳೂರಿನಲ್ಲಿ ಬೋರ್‌ವೆಲ್‌ಗೆ ಹೀಗಾದರೆ?

ಅಂತರ್ಜಲ_ಹಾಸನ

ಇನ್ನೂ ಕಷ್ಟ. ಅಲ್ಲಿ ಮೇಲೆ ಕಲ್ಲು ಶಿಥಿಲವಾಗಿ ಆದ ಮಣ್ಣು, ಕೆಳಗೆ ಬಿರುಕು ಬಿಟ್ಟ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ಬಿರುಕು ಯಾವ ಕಡೆ ತಿರುಗಿದೆಯೋ ಆ ಕಡೆ ನೀರು. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ತುಂಬದೆ ಬಿಟ್ಟರೆ ಬೋರ್‌ವೆಲ್ಲೇ ಮೇಲಿನ ಕೊಳೆಯನ್ನು ಆಳಕ್ಕೆ ಒಯ್ಯುವ ದಾರಿ ಆಗುತ್ತದೆ. ಬಂಕ್ ಪಕ್ಕ ಹೊಸ ಬೋರ್ ಕೊರೆಸುವವರು ಇದನ್ನು ಯೋಚಿಸಬೇಕು.

ನಗರದ ನಡುವೆ ಹೀಗಾದದ್ದಕ್ಕೆ ಉದಾಹರಣೆ ಚೆನ್ನೈನ ತೊಂಡಿಯಾರ್‌ಪೇಟೆ. 2013ರಲ್ಲಿ ಜನರ ಬೋರ್‌ವೆಲ್‌ನಲ್ಲಿ ತೈಲ ಬಂತು. ನೆಲದಡಿಯ ತೈಲ ಪೈಪ್‌ಲೈನ್ ಸೋರಿತ್ತು. ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯಿತು.

ಮೇಲ್ಮನೆ

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಪುಡಿ ಬರುತ್ತದಂತೆ. ಬಾವಿಗೆ ಹಾಕಿದರೆ?

ಉತ್ತರದ_ಚಳಿ

ಇದಕ್ಕೆ ನಾನು ಉತ್ತರಿಸುತ್ತೇನೆ. ಮೂಲತಃ ಸಾಗರದವನು, ಈಗ ಅಮೆರಿಕದ ಮಿನೆಸೋಟದಲ್ಲಿ ನೀರಿಗೆ ಸಂಬಂಧಪಟ್ಟ ಕೆಲಸದಲ್ಲಿದ್ದೇನೆ. ಟೆರಿ ಸಂಸ್ಥೆಯ 'ಆಯಿಲ್‌ಝಾಪರ್' ಅಂಥದ್ದು, ನಿಜ. ರಿಫೈನರಿಯ ಎಣ್ಣೆ ಕೆಸರು, ನೆಲದ ಮೇಲೆ ಚೆಲ್ಲಿದ ಕಚ್ಚಾ ತೈಲಕ್ಕೆ ಬಳಸುತ್ತಾರೆ. ಮಣ್ಣನ್ನು ಹರಡಿ, ಗೊಬ್ಬರ, ನೀರು, ಗಾಳಿ ಕೊಟ್ಟು ತಿರುವುತ್ತಾ ಇರಬೇಕು. ಬಾವಿಗೆ ಸುರಿದರೆ ಪ್ರಯೋಜನ ಇಲ್ಲ. ಎಣ್ಣೆ ತಿನ್ನುವ ಜೀವಿಗಳು ನಿಮ್ಮ ಮಣ್ಣಿನಲ್ಲೂ ಇವೆ. ಅವುಗಳಿಗೆ ಕೊರತೆ ಆಗುವುದು ಆಮ್ಲಜನಕ.

ನಮ್ಮ ರಾಜ್ಯದ ಬೆಮಿಜಿ ಎಂಬ ಊರಿನ ಹತ್ತಿರ 1979ರ ಆಗಸ್ಟ್ 20ರಂದು ಕಚ್ಚಾ ತೈಲದ ಪೈಪ್‌ಲೈನ್ ಒಡೆಯಿತು. ಸುಮಾರು 17 ಲಕ್ಷ ಲೀಟರ್ ಚೆಲ್ಲಿತು. ಪಂಪ್ ಮಾಡಿದರು, ಸುಟ್ಟರು, ಮಣ್ಣು ಅಗೆದು ಸಾಗಿಸಿದರು. ಆದರೂ ಸುಮಾರು 4 ಲಕ್ಷ ಲೀಟರ್ ನೆಲದೊಳಗೆ ಉಳಿಯಿತು. 1983ರಿಂದ ಇಲ್ಲಿನ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಅದನ್ನೇ ಒಂದು ತೆರೆದ ಪ್ರಯೋಗಶಾಲೆ ಮಾಡಿಕೊಂಡು ಅಳೆಯುತ್ತಾ ಬಂದಿದೆ. ಅಲ್ಲಿ ಕಂಡ ಒಳ್ಳೆಯ ಸುದ್ದಿ ಏನೆಂದರೆ, ಬೆಂಜೀನ್ ಅಂತರ್ಜಲ ಹರಿದಷ್ಟು ದೂರ ಹೋಗಲಿಲ್ಲ. ದಾರಿಯಲ್ಲೇ ಸೂಕ್ಷ್ಮಜೀವಿಗಳು ತಿಂದವು. ಮೊದಲು ಆಮ್ಲಜನಕ ಖರ್ಚಾಯಿತು. ಅದು ಮುಗಿದ ಮೇಲೆ ಅದರ ಬದಲಿಗೆ ಮಣ್ಣಿನ ಮ್ಯಾಂಗನೀಸ್, ಕಬ್ಬಿಣ ಬಳಸಿದವು. ಎಣ್ಣೆ ದಟ್ಟವಾಗಿರುವ ಕಡೆ ಮೀಥೇನ್ ಹುಟ್ಟಿತು. ನಿಸರ್ಗವೇ ಕೆಲಸ ಮಾಡುತ್ತದೆ ಎಂಬ ನಂಬಿಕೆಗೆ ಬಲವಾದ ಸಾಕ್ಷಿ ಸಿಕ್ಕಿದ ಜಾಗಗಳಲ್ಲಿ ಇದೂ ಒಂದು.

ಕೆಟ್ಟ ಸುದ್ದಿಯೂ ಇದೆ. 1999ರಿಂದ ಮತ್ತೆ ಕೆಲವು ವರ್ಷ ಪಂಪ್ ಹಾಕಿ ಒಂದು ಲಕ್ಷ ಲೀಟರ್‌ಗಿಂತ ಜಾಸ್ತಿ ಎಣ್ಣೆ ತೆಗೆದರು. ಆದರೂ ನೆಲದಲ್ಲಿ ಎಣ್ಣೆ ಉಳಿದೇ ಇದೆ. ಇನ್ನೊಂದು, ಸೂಕ್ಷ್ಮಜೀವಿಗಳು ಹಾಗೆ ಬಳಸಿದ ಕಬ್ಬಿಣ ಕರಗಿದಾಗ ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಕೂಡ ಕರಗಿ ನೀರಿಗೆ ಬಂತು. ಎಣ್ಣೆಯಲ್ಲಿ ಇಲ್ಲದ ವಿಷ, ಎಣ್ಣೆಯ ದೆಸೆಯಿಂದ ಮಣ್ಣಿನೊಳಗಿಂದಲೇ ಹೊರಬಂದದ್ದು. ನಿಮ್ಮ ಮುರಕಲ್ಲಿನಲ್ಲಿ ಕಬ್ಬಿಣ ಹೇರಳ. ಹಾಗಾಗಿ ಬಿಟೆಕ್ಸ್ ಜೊತೆ ಕರಗಿದ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಕೂಡ ಟೆಸ್ಟ್ ಮಾಡಿಸಿ. ಕರಾವಳಿ ಬಾವಿಗಳಲ್ಲಿ ಮೊದಲೇ ಕಬ್ಬಿಣ ಇರಬಹುದು. ಅದಕ್ಕೆ ಬಂಕ್‌ಗಿಂತ ಮೇಲಿನ, ಮಾಲಿನ್ಯ ಮುಟ್ಟದ ಬಾವಿಯ ಅಂಕಿ ಪಕ್ಕದಲ್ಲಿ ಇಟ್ಟುಕೊಂಡೇ ಹೋಲಿಸಬೇಕು.

ಭಾರತದ ಈಗಿನ ಪೆಟ್ರೋಲ್‌ಗೆ ನೂರಕ್ಕೆ 20 ಪಾಲಿನಷ್ಟು ಎಥನಾಲ್ ಸೇರುತ್ತಿದೆ. ಸೂಕ್ಷ್ಮಜೀವಿಗಳು ಮೊದಲು ಎಥನಾಲ್ ತಿಂದು ಆಮ್ಲಜನಕ ಖಾಲಿ ಮಾಡುತ್ತವೆ. ಬೆಂಜೀನ್ ಸರದಿ ಆಮೇಲೆ. ಅಷ್ಟರಲ್ಲಿ ಅದು ಇನ್ನಷ್ಟು ದೂರ ಹೋಗಿರುತ್ತದೆ.

ಹೊಸಬ_ಶಿವಮೊಗ್ಗ

ಹಾಗಾದರೆ ಶುದ್ಧ ಮಾಡುವುದು ಅಂದರೆ ಏನು ಮಾಡ್ತಾರೆ? ಸುಮ್ನೆ ಕಾಯ್ತಾರಾ?

ಅಂತರ್ಜಲ_ಹಾಸನ

ಸುಮ್ನೆ ಕಾಯುವುದಕ್ಕೂ ಅಳೆಯುತ್ತಾ ಕಾಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಕೆಲಸದ ಮೊದಲ ಹೆಜ್ಜೆ ಸೋರಿಕೆ ನಿಲ್ಲಿಸುವುದು. ಅದು ಆಗದೆ ಮಿಕ್ಕಿದ್ದೆಲ್ಲ ದಂಡ. ಆಮೇಲೆ ತೇಲುವ ಪೆಟ್ರೋಲನ್ನು ತೆಗೆಯಬೇಕು. ಬಂಕ್ ಹತ್ತಿರ ಬಾವಿ ಕೊರೆದು, ಮೇಲಿನ ಪದರ ಮಾತ್ರ ಎಳೆಯುವ ಸ್ಕಿಮ್ಮರ್ ಇಳಿಸುತ್ತಾರೆ. ವೀಕ್ಷಣಾ ಬಾವಿಯಲ್ಲಿ ಕಾಣುವ ಪದರದ ದಪ್ಪ ನೆಲದೊಳಗಿನ ದಪ್ಪಕ್ಕಿಂತ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಆ ಅಂಕಿ ಹಿಡಿದು "ಇಷ್ಟು ಸಾವಿರ ಲೀಟರ್" ಅಂತ ಗುಣಿಸಬಾರದು.

ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣಿಗೆ ಕೊಳವೆ ಹಾಕಿ ಗಾಳಿ ಹೀರುತ್ತಾರೆ. ಪೆಟ್ರೋಲ್ ಆವಿಯಾಗಿ ಬರುತ್ತದೆ, ಅದನ್ನು ಇದ್ದಿಲಿನಲ್ಲಿ ಹಿಡಿಯುತ್ತಾರೆ. ಮುರಕಲ್ಲಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಪೆಟ್ರೋಲ್‌ಗೆ ಇದು ಒಳ್ಳೆಯ ದಾರಿ. ಆದರೆ ಜುಲೈನಲ್ಲಿ ನೀರು ಮೇಲೆ ಬಂದರೆ ಹೀರಲು ಒಣ ಮಣ್ಣೇ ಉಳಿಯುವುದಿಲ್ಲ. ನಿಮ್ಮ ಕಡೆ ಈ ಕೆಲಸ ಡಿಸೆಂಬರ್‌ನಿಂದ ಮೇ ತನಕ ಜೋರಾಗಿ ನಡೆಯಬೇಕು. ಬೇರೆಡೆಯ ವರದಿಯನ್ನು ನಕಲು ಮಾಡಿ ವರ್ಷಪೂರ್ತಿ ಯೋಜನೆ ತಂದರೆ ಪ್ರಶ್ನೆ ಕೇಳಿ. ಡೀಸೆಲ್ ಅಷ್ಟು ಆವಿಯಾಗುವುದಿಲ್ಲ, ಅದಕ್ಕೆ ಗಾಳಿ ಕೊಟ್ಟು ಸೂಕ್ಷ್ಮಜೀವಿಗಳಿಂದ ತಿನ್ನಿಸುವುದೇ ಮೇಲು.

ಅಗೆದು ತೆಗೆದ ಮಣ್ಣನ್ನು ಯಾರದೋ ಗದ್ದೆ ತುಂಬಿಸಲು ಕೊಡಬಾರದು. ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ರಾಶಿ ಹಾಕಿ, ಇಂಗಾಲ 100ಕ್ಕೆ ಸಾರಜನಕ 10, ರಂಜಕ 1ರ ಹತ್ತಿರ ಇರುವ ಹಾಗೆ ಪೋಷಕ ಕೊಟ್ಟು, ತೇವ ಇಟ್ಟು ಗಾಳಿಯಾಡಿಸಬೇಕು. ಇಲ್ಲವೇ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ದಾಖಲೆ ಸಮೇತ ಹೋಗಬೇಕು.

ಇಷ್ಟೆಲ್ಲ ಆದ ಮೇಲೆ ಉಳಿದ ಸ್ವಲ್ಪಕ್ಕೆ ನಿಸರ್ಗವನ್ನು ನಂಬಬಹುದು. ಆಗಲೂ ಬೆಂಜೀನ್ ಇಳಿಯುತ್ತಿದೆಯಾ, ಅದನ್ನು ತಿನ್ನುವಾಗ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಖರ್ಚಾಗುತ್ತಿದೆಯಾ ಅಂತ ಪ್ರತಿ ಸಲ ಅಂಕಿಯಲ್ಲಿ ತೋರಿಸಬೇಕು.

ಅರ್ಜಿ_ಬರೆಯುವವ

ಕಾನೂನಿನ ಕಡೆಯಿಂದ ಎರಡು ಮಾತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಪ್ರತಿ ಜಿಲ್ಲಾಧಿಕಾರಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆ ಪ್ರತ್ಯೇಕ ನಿಯಮ ಹೊರಡಿಸಿದೆ. ಶಂಕಿತ ಜಾಗದ ಮಾಹಿತಿ ಬಂದ ಮೇಲೆ ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಮಾಲಿನ್ಯ ಮಾಡಿದವರೇ ಶುದ್ಧೀಕರಣದ ಖರ್ಚು ಹೊರಬೇಕು. ದೂರಿನಲ್ಲಿ ಈ ನಿಯಮದ ಹೆಸರು ಬರೆಯಿರಿ: ಪರಿಸರ ಸಂರಕ್ಷಣೆ (ಕಲುಷಿತ ಜಾಗಗಳ ನಿರ್ವಹಣೆ) ನಿಯಮಗಳು, 2025. "ಮಾಲಿನ್ಯ ಮಾಡಿದವರೇ ತೆರಬೇಕು" ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ರಾಜಸ್ಥಾನದ ಬಿಚ್ರಿ ಊರಿನ ಬಾವಿಗಳು ರಾಸಾಯನಿಕದಿಂದ ಕೆಟ್ಟ ಪ್ರಕರಣದಲ್ಲಿ.

ಹೊಸ ಬಂಕ್‌ಗಳಿಗೆ 2020ರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಇದೆ. ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು. ಜಾಗದ ಅಡಚಣೆ ಇದ್ದರೆ ಹೆಚ್ಚುವರಿ ಸುರಕ್ಷತೆಯೊಂದಿಗೆ 30 ಮೀಟರ್, ಅದಕ್ಕಿಂತ ಹತ್ತಿರ ಆಗಲೇಬಾರದು. ನಿಮ್ಮ ಪಕ್ಕದ್ದು ಯಾವಾಗ ಶುರುವಾದದ್ದು ಅಂತ ನೋಡಿ.

ತೆಂಗಿನತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಪೋರ್ಟ್ ಬಂದಿದೆ. ಪಿಪೆಟ್ ಅಕ್ಕ ಹೇಳಿದ ಹಾಗೇ ಗಾಜಿನ ಬಾಟಲಿಯಲ್ಲಿ ತುಂಬಿದ್ದು. ನಮ್ಮ ಬಾವಿಯಲ್ಲಿ ಬೆಂಜೀನ್ ಲೀಟರ್‌ಗೆ 640 ಮೈಕ್ರೋಗ್ರಾಂ. ಬಂಕ್‌ಗಿಂತ ಮೇಲಿರುವ ಬಾವಿಯಲ್ಲಿ ಪತ್ತೆಯಾಗಿಲ್ಲ. ಕೆಳಗಿನ ಮನೆಯ ಬಾವಿಯಲ್ಲಿ 22. ಅವರಿಗೆ ಇವತ್ತಿನ ತನಕ ಯಾವ ವಾಸನೆಯೂ ಬಂದಿಲ್ಲ. ಅದೇ ನೀರು ಕುಡಿಯುತ್ತಿದ್ದರು, ಮನೆಯಲ್ಲಿ ಬಾಣಂತಿ ಬೇರೆ ಇದ್ದಾಳೆ. ರಿಪೋರ್ಟ್ ಹಿಡಿದು ಅವರ ಮನೆಗೆ ಹೋಗುವುದು ಬಹಳ ಕಷ್ಟವಾಯಿತು.

ಮೇಸ್ತ್ರಿ ಬಂದು ಮಟ್ಟ ತೆಗೆದುಕೊಟ್ಟರು. ನೀರು ಬಂಕ್ ಕಡೆಯಿಂದ ನಮ್ಮ ಬಾವಿಗೆ, ಅಲ್ಲಿಂದ ಕೆಳಗಿನ ಮನೆಯ ಕಡೆಗೆ ಇಳಿಯುತ್ತಿದೆ. ಮಂಡಳಿಗೆ ದೂರು ಕೊಟ್ಟೆವು. ಪೈಪ್‌ಲೈನ್ ಸೇರಿಸಿ ಪ್ರೆಷರ್ ಟೆಸ್ಟ್ ಮಾಡಿಸಲು ಕಂಪನಿಯವರು ಒಪ್ಪಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಕೆಳಗಿನ ಮನೆಯವರು ತೆಂಗಿನ ಮರಗಳಿಗೆ ಅದೇ ಬಾವಿಯಿಂದ ಮೋಟಾರ್ ಹಾಕಿ ನೀರು ಬಿಡುತ್ತಾರೆ. ಬಿಡಬಹುದಾ?

ಅಂತರ್ಜಲ_ಹಾಸನ

ಈಗ ಬೇಡ. ಮರಗಳ ಚಿಂತೆಗಿಂತ ಮೋಟಾರಿನ ಚಿಂತೆ ಜಾಸ್ತಿ. ಅವರು ದಿನಾ ನೀರು ಎಳೆದರೆ ನಿಮ್ಮ ಬಾವಿಯ 640 ಅವರ ಕಡೆಗೆ ಬೇಗ ಸರಿಯುತ್ತದೆ. ದನಕ್ಕೂ ಆ ನೀರು ಕುಡಿಸಬೇಡಿ, ಬಸಳೆ, ಹರಿವೆಗೂ ಹಾಕಬೇಡಿ. ಮಳೆ ತನಕ ಮರಗಳಿಗೆ ಬಂಕ್‌ಗಿಂತ ಮೇಲಿನ ಬಾವಿಯಿಂದ ತರಿಸಬಹುದು, ಆದರೆ ಅಲ್ಲಿಯೂ ಜೋರಾಗಿ ಎಳೆಯಬಾರದು. ಬಾಣಂತಿ ಮತ್ತು ಮಗುವನ್ನು ಒಮ್ಮೆ ವೈದ್ಯರಿಗೆ ತೋರಿಸಿ, ರಿಪೋರ್ಟ್ ಜೊತೆಗೇ ಒಯ್ಯಲಿ. 22ರ ಬಾವಿಯಿಂದಾಚೆ ಇನ್ನೂ ಮನೆಗಳಿದ್ದರೆ ಅವರ ಬಾವಿಗಳೂ ಮುಂದಿನ ಸ್ಯಾಂಪಲ್‌ಗೆ ಸೇರಲಿ. ಮಳೆ ಹಿಡಿಯುವ ಮೊದಲೇ ತೆಗೆಯಿರಿ.

ಪಿಪೆಟ್

ಬಾಟಲಿ ಕೊರಿಯರ್ ಮಾಡುತ್ತೇನೆ. ಈ ಸಲ ಆರ್ಸೆನಿಕ್‌ಗೆ ಬೇರೆ ಬಾಟಲಿ ಇರುತ್ತದೆ, ಅದಕ್ಕೆ ಹಾಕಿರುವುದು ನೈಟ್ರಿಕ್ ಆಮ್ಲ, ಅದಲು ಬದಲು ಮಾಡಬೇಡಿ. 'ಟ್ರಿಪ್ ಬ್ಲಾಂಕ್' ಅಂತ ಚೀಟಿ ಇರುವ ಬಾಟಲಿಯನ್ನು ತೆರೆಯಲೇಬೇಡಿ. ಅದರಲ್ಲಿ ಶುದ್ಧ ನೀರು ಇರುತ್ತದೆ. ನಿಮ್ಮ ಸ್ಯಾಂಪಲ್ ಜೊತೆ ಐಸ್ ಡಬ್ಬಿಯಲ್ಲೇ ವಾಪಸ್ ಬರಲಿ. ದಾರಿಯಲ್ಲಿ ಹೊರಗಿನ ಪೆಟ್ರೋಲ್ ಸೇರಿತು ಅಂತ ನಾಳೆ ಯಾರಾದರೂ ವಾದ ಮಾಡಿದರೆ ಆ ಬಾಟಲಿಯ ಅಂಕಿಯೇ ಉತ್ತರ. ಸ್ಯಾಂಪಲ್ ತೆಗೆಯುವ ದಿನ ಬೈಕ್‌ಗೆ ಪೆಟ್ರೋಲ್ ಹಾಕಿಸಿ ಅದೇ ಕೈಯಲ್ಲಿ ಬಾಟಲಿ ಮುಟ್ಟಬೇಡಿ.